ಸೂರತಿ ಪಾಪ್ಡಿ ಅಂದರೆ ನಮ್ಮ ಅವರೆಕಾಳು

ಇಂಗ್ಲೆಂಡಿಗೆ ಬಂದ ಮೊದಲ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಅವರೆಕಾಳು ಬೇಯಲಿಲ್ಲ. ಇಲ್ಲಿ ಸಿಗುವುದೇ ಇಲ್ಲ ಅಂತ ನಂಬಿದ್ದೆವು. ನಮ್ಮವರು, ಅಂದರೆ ನನ್ನ ಗಂಡ, ಮಂಡ್ಯ ಕಡೆಯವರು, ನಾನು ಹಾವೇರಿ ಕಡೆಯವಳು. ಚಳಿಗಾಲ ಬಂತೆಂದರೆ ಹಿತಕಿದ ಬೇಳೆ ಸಾರು ನೆನೆಸಿಕೊಂಡು ಸುಮ್ಮನಾಗುತ್ತಿದ್ದರು. ಒಂದು ಡಿಸೆಂಬರ್ ಸಂಜೆ ಲಂಡನ್ನಿನ ವೆಂಬ್ಲಿಗೆ ಹೋಗಿದ್ದೆ. ಅಲ್ಲಿ ಒಂದು ಗುಜರಾತಿ ಅಂಗಡಿಯ ಫ್ರೀಜರ್‌ನಲ್ಲಿ ಹಸಿ ತೆಂಗಿನ ತುರಿ ಹುಡುಕುತ್ತಿದ್ದಾಗ ಕೈಗೆ ಒಂದು ಪ್ಯಾಕೆಟ್ ಬಂತು. ಮೇಲೆಲ್ಲಾ ಹಿಮ ಕಟ್ಟಿತ್ತು. ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಒಳಗೆ ಹಸಿರು ಕಾಳು. ಒಂದೊಂದು ಕಾಳಿನ ಅಂಚಿಗೂ ಬಿಳಿ ಗೆರೆ.

ಅವರೆಕಾಳೇ! ಹೆಸರು ಮಾತ್ರ 'ಸೂರತಿ ಪಾಪ್ಡಿ ಲಿಲ್ವಾ' ಅಂತಿತ್ತು.

ಅದೇ ಫ್ರೀಜರ್ ಮುಂದೆ ನಾನು ಎಷ್ಟು ಸಲ ಓಡಾಡಿದ್ದೆನೋ ಲೆಕ್ಕವಿಲ್ಲ. ಆ ರಾತ್ರಿ ಒಂದು ನೋಟ್‌ಬುಕ್ ತೆಗೆದು ಎಡಗಡೆ ಅವರ ಹೆಸರು, ಬಲಗಡೆ ನಮ್ಮ ಹೆಸರು ಬರೆದೆ. ನಾನು ಇವತ್ತು ನಡೆಸುತ್ತಿರುವ ಅಂಗಡಿ ನಿಜವಾಗಿ ಶುರುವಾದದ್ದು ಆ ಪುಟದಲ್ಲಿ.

ಪಟ್ಟಿ ಬೇಗ ಬೆಳೆಯಿತು. ರಾಗಿ ಹಿಟ್ಟು ಗುಜರಾತಿ ಅಂಗಡಿಯಲ್ಲಿ 'ನಾಚ್ನಿ', ಶ್ರೀಲಂಕಾದವರ ಅಂಗಡಿಯಲ್ಲಿ 'ಕುರಕ್ಕನ್'. ಜೋಳದ ಹಿಟ್ಟು 'ಜುವಾರ್'. ಹುರುಳಿಕಾಳು ಒಂದು ಕಡೆ 'ಕುಲ್ತಿ', ಇನ್ನೊಂದು ಕಡೆ 'ಕೊಳ್ಳು'. ಹಸಿ ತೊಗರಿಕಾಳು 'ತುವೇರ್ ಲಿಲ್ವಾ'. ನಾವು ಮಂಡಕ್ಕಿ, ಪುರಿ, ಚುರುಮುರಿ ಅಂತ ಮೂರು ಹೆಸರಿನಿಂದ ಕರೆಯುವುದು ಅವರಿಗೆ 'ಮಮ್ರಾ'. ಎಲ್ಲವೂ ಇಲ್ಲೇ ಇತ್ತು, ಬೇರೆಯವರ ಹೆಸರಿನಲ್ಲಿ ಇತ್ತು.

ಇದಕ್ಕೆ ಕಾರಣವೂ ಇದೆ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನದ ಗಡುವು ಕೊಟ್ಟು ಹೊರಗೆ ಕಳಿಸಿದಾಗ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಗುಜರಾತಿಗಳೇ ಜಾಸ್ತಿ. ಅಂಗಡಿ ವ್ಯಾಪಾರ ಅವರಿಗೆ ಮೊದಲೇ ಗೊತ್ತಿತ್ತು. ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿನಲ್ಲಿ, ವೆಂಬ್ಲಿಯಲ್ಲಿ ಅಂಗಡಿಗಳು ಎದ್ದವು. 1983ರ ಗಲಭೆಯ ನಂತರ ಶ್ರೀಲಂಕಾದ ತಮಿಳರು ಬಂದರು. ಈಸ್ಟ್ ಹ್ಯಾಮ್, ಟೂಟಿಂಗ್, ಹ್ಯಾರೋ ಕಡೆ ಕರಿಬೇವು, ನುಗ್ಗೆಕಾಯಿ, ಕುಸುಬಲಕ್ಕಿ ಸಿಗುವುದು ಅವರಿಂದ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ, ಸಾಫ್ಟ್‌ವೇರ್ ಕೆಲಸಕ್ಕೆ, ಆಸ್ಪತ್ರೆ ಕೆಲಸಕ್ಕೆ. ಬರುವಾಗ ನಾವು ಬ್ಯಾಗಿನಲ್ಲಿ ಚಟ್ನಿಪುಡಿ ಕಟ್ಟಿಕೊಂಡು ಬಂದೆವು, ಅಂಗಡಿ ಕಟ್ಟಲಿಲ್ಲ.

ನಾವಿರುವುದು ರೆಡಿಂಗ್ ಊರಿನಲ್ಲಿ. ಲಂಡನ್ನಿನ ಪಶ್ಚಿಮಕ್ಕಿದೆ. ಕನ್ನಡದ ಮನೆಗಳು ಸಾಕಷ್ಟಿವೆ. ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಒಬ್ಬರಿಂದ ಒಬ್ಬರಿಗೆ ಹೋಗಿ, ಪರಿಚಯವೇ ಇಲ್ಲದವರು ಫೋನ್ ಮಾಡಿ "ಅಕ್ಕಾ, ಚಿರೋಟಿ ರವೆಗೆ ಇಲ್ಲಿ ಏನಂತಾರೆ?" ಅಂತ ಕೇಳುವಷ್ಟಾಯಿತು. ಆಗಲೇ ನಮ್ಮವರು ಅಂದದ್ದು, "ಇಷ್ಟೆಲ್ಲಾ ಹೇಳ್ತೀಯ, ನೀನೇ ಇಟ್ಟು ಮಾರಬಾರದಾ?" ಅಂತ.

2021ರ ಕೊನೆಯಲ್ಲಿ ಒಂದು ಸಣ್ಣ ಮಳಿಗೆ ಬಾಡಿಗೆಗೆ ಸಿಕ್ಕಿತು. ಮೊದಲು ಅಲ್ಲಿ ಕಾರ್ಡು, ಉಡುಗೊರೆ ಮಾರುತ್ತಿದ್ದರು. ಕರಾರುಪತ್ರ, ವಿಮೆ, ಬ್ಯಾಂಕು ಇವೆಲ್ಲ ಯಾವ ಅಂಗಡಿಗಾದರೂ ಒಂದೇ, ಅದನ್ನು ಬಿಡುತ್ತೇನೆ. ಆಹಾರ ಮಾರುವವರು ಅಂಗಡಿ ತೆರೆಯುವ 28 ದಿನ ಮುಂಚೆ ಊರಿನ ಆಡಳಿತ ನಡೆಸುವ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ದುಡ್ಡಿಲ್ಲ, ಯಾರಿಗೂ ಇಲ್ಲ ಅನ್ನುವುದೂ ಇಲ್ಲ. ನಾನು ಬೇರೆ ಏನೇನೋ ಲೈಸೆನ್ಸ್ ಬೇಕಾಗುತ್ತದೆ ಅಂತ ಹೆದರಿದ್ದೆ. ಕಷ್ಟ ಇರುವುದು ನೋಂದಣಿಯಲ್ಲಿ ಅಲ್ಲ, ಆಮೇಲೆ ಬರುವ ತಪಾಸಣೆಯಲ್ಲಿ. ಕೌನ್ಸಿಲ್‌ನ ಅಧಿಕಾರಿ ಹೇಳದೆ ಕೇಳದೆ ಒಂದು ದಿನ ಬರುತ್ತಾರೆ. ನೋಡಿ ಶುಚಿತ್ವಕ್ಕೆ 0ಯಿಂದ 5ರ ತನಕ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ ಆ ಅಂಕದ ಸ್ಟಿಕರ್ ಬಾಗಿಲಿಗೆ ಅಂಟಿಸಲೇಬೇಕು. ಇಂಗ್ಲೆಂಡಿನಲ್ಲಿ ಕಡ್ಡಾಯ ಇಲ್ಲ, ಆದರೆ ಅಂಟಿಸದ ಅಂಗಡಿಯನ್ನು ಜನ ಅನುಮಾನದಿಂದಲೇ ನೋಡುತ್ತಾರೆ.

ಕೈ ತೊಳೆಯಲು ಬೇರೆ ಬೇಸಿನ್, ಅದಕ್ಕೆ ಬಿಸಿನೀರು. ಫ್ರೀಜರ್ ಮೈನಸ್ 18ರಲ್ಲಿ ಇರಬೇಕು, ದಿನಾ ಬರೆದಿಡಬೇಕು. ಹಿಟ್ಟಿನ ಚೀಲ ನೆಲಕ್ಕೆ ತಾಗಬಾರದು, ಗೋಡೆಗೂ ಒತ್ತಿರಬಾರದು, ಹಿಂದೆ ಇಲಿ ಓಡಾಡಿದರೆ ಕಾಣಬೇಕು. ನಮ್ಮ ಅಜ್ಜಿ ಕಾಳಿನ ಚೀಲಗಳನ್ನು ಹಲಗೆ ಹಾಕಿ ಅದರ ಮೇಲೆ ಇಡುತ್ತಿದ್ದಳು, ನೆನಪಾಯಿತು.

ಮಾಲು ತರಲು ಸೌತಾಲ್ ಕಡೆಯ ಒಬ್ಬ ಸಗಟು ವ್ಯಾಪಾರಿಯನ್ನು ಹಿಡಿದೆ. ಮೊದಲ ಆರ್ಡರ್‌ನಲ್ಲೇ ಒಂದು ಪೆಟ್ಟು ಬಿತ್ತು. ಹಾವೇರಿಯಲ್ಲಿ ನಾವು ಪುಟಾಣಿ ಅನ್ನುತ್ತೇವೆ, ಮಂಡ್ಯದಲ್ಲಿ ಹುರಿಗಡಲೆ. ಗುಜರಾತಿ ಅಂಗಡಿಗಳಲ್ಲಿ ಅದು 'ದಾಳಿಯಾ' ಅಂತ ನನ್ನ ಪಟ್ಟಿಯಲ್ಲಿತ್ತು. ಧೈರ್ಯವಾಗಿ 40 ಪ್ಯಾಕೆಟ್ ಬರೆದೆ. ಬಂದದ್ದು ಗೋಧಿ ನುಚ್ಚು. ಹಿಂದಿಯಲ್ಲಿ 'ದಲಿಯಾ' ಅಂದರೆ ಗೋಧಿ ನುಚ್ಚಂತೆ, ಆ ವ್ಯಾಪಾರಿ ಪಂಜಾಬಿನವರು. ತಪ್ಪು ಅವರದೂ ಅಲ್ಲ, ನನ್ನದೂ ಅಲ್ಲ. ಹಿಂದಕ್ಕೆ ತಗೊಳ್ಳಲಿಲ್ಲ. ಎರಡು ತಿಂಗಳು ಬಂದವರಿಗೆಲ್ಲಾ ಗೋಧಿ ನುಚ್ಚಿನ ಉಪ್ಪಿಟ್ಟು, ಪಾಯಸ ಮಾಡುವುದು ಹೇಳಿಕೊಟ್ಟು ಖಾಲಿ ಮಾಡಿದೆ. ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಪಕ್ಕ ಯಾರ ಭಾಷೆ ಅಂತ ಬರೆಯುವುದು ಅವತ್ತು ಶುರುವಾಯಿತು. ಹೆಸರಿಗೆ ಊರು ಬೇಕು, ಇಲ್ಲದಿದ್ದರೆ ಅದು ಅರ್ಧ ಹೆಸರು.

2022ರ ಯುಗಾದಿಗೆ ಒಂದು ವಾರ ಮುಂಚೆ ಬಾಗಿಲು ತೆರೆದೆವು. ಪ್ರತಿ ಶೆಲ್ಫಿಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ, ಗದಗಿನವರು, ಒಳಗೆ ಬಂದು ಆ ಚೀಟಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಹೋದರು. "ಅಳ್ಳು... ಪುಟಾಣಿ... ಜ್ವಾಳದ ಹಿಟ್ಟು..." ಕೊನೆಗೆ ನನ್ನ ಕಡೆ ತಿರುಗಿ, "ಯವ್ವಾ, ಈ ಊರಾಗ ಬಂದು ಮೂರು ತಿಂಗಳಾತು. ಓದಾಕ ಬಂದಿದ್ದು ಇವತ್ತ" ಅಂದರು. ಅವತ್ತು ಅವರು ಕೊಂಡದ್ದು ಒಂದು ಅರ್ಧ ಕೆಜಿ ಪುಟಾಣಿ. ನನಗೆ ಅದೇ ದೊಡ್ಡ ವ್ಯಾಪಾರ.

ತಪಾಸಣೆಗೆ ಅಧಿಕಾರಿ ಬಂದದ್ದು ಐದನೇ ವಾರ. ಸಮಾಧಾನದ ಹೆಂಗಸು. ಫ್ರೀಜರ್, ಬೇಸಿನ್, ಇಲಿಯ ಜಾಗ ಎಲ್ಲಾ ನೋಡಿ, ಇಂಗಿನ ಡಬ್ಬಿ ಕೈಗೆ ತಗೊಂಡರು. "ಇದರಲ್ಲಿ ಗ್ಲೂಟನ್ ಇದೆಯಾ?" ಅಂತ ಕೇಳಿದರು. ಗ್ಲೂಟನ್ ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನು. ಇಂಗು ಗಿಡದ ಅಂಟು, ಅದರಲ್ಲಿ ಗೋಧಿ ಎಲ್ಲಿಂದ ಬರಬೇಕು? ಇಲ್ಲ ಅಂದೆ. ಅವರು ಡಬ್ಬಿ ತಿರುಗಿಸಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು. ನಾವು ಅಂಗಡಿಯಲ್ಲಿ ಕೊಳ್ಳುವ ಇಂಗು ಹೆಚ್ಚಾಗಿ ಹಿಟ್ಟು ಸೇರಿಸಿ ಕೂಡಿಸಿದ್ದು. ಹುಟ್ಟಿದಾಗಿನಿಂದ ತಿಂದ ಪದಾರ್ಥ, ಒಮ್ಮೆಯೂ ಹಿಂದೆ ತಿರುಗಿಸಿ ಓದಿರಲಿಲ್ಲ. ಗೋಧಿ ಆಗದವರು ಯಾರಾದರೂ ನನ್ನ ಮಾತು ನಂಬಿ ತಗೊಂಡು ಹೋಗಿದ್ದರೆ? ಆ ಯೋಚನೆಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬ್ರಿಟನ್ನಿನಲ್ಲಿ ಅಲರ್ಜಿ ತರುವ ಪದಾರ್ಥಗಳು ಅಂತ 14 ಇವೆ. ಪ್ಯಾಕೆಟ್ ಮೇಲೆ ಅವು ಎದ್ದು ಕಾಣಬೇಕು. ಗೋಧಿ, ಹಾಲು, ಶೇಂಗಾ, ಗೋಡಂಬಿಯಂಥ ಬೀಜಗಳು, ಎಳ್ಳು. ಸಾಸಿವೆಯೂ ಇದೆ! ನಮ್ಮ ಯಾವ ಒಗ್ಗರಣೆ ಸಾಸಿವೆ ಇಲ್ಲದೆ ಆಗುತ್ತದೆ? ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಯಾವುದನ್ನು ಎತ್ತಿಕೊಂಡರೂ ಈ 14ರಲ್ಲಿ ಎರಡಾದರೂ ಇರುತ್ತವೆ. ಊರಿನಿಂದ ನೇರವಾಗಿ ಬರುವ ಎಷ್ಟೋ ಪ್ಯಾಕೆಟ್‌ಗಳಲ್ಲಿ ಅದನ್ನು ಇಲ್ಲಿನ ರೀತಿ ಬರೆದಿರುವುದಿಲ್ಲ. ಅಂಥದ್ದನ್ನು ಮಾರಬೇಕಾದರೆ ಇಂಗ್ಲಿಷ್‌ನಲ್ಲಿ ಬೇರೆ ಲೇಬಲ್ ಅಂಟಿಸಬೇಕು. 2024ರ ಜನವರಿಯಿಂದ ಅದರಲ್ಲಿ ಬ್ರಿಟನ್ನಿನ ವಿಳಾಸವೂ ಇರಬೇಕು. ತಯಾರಿಸಿದವರು ಇಲ್ಲಿಯವರಲ್ಲದಿದ್ದರೆ ಆಮದು ಮಾಡಿಕೊಂಡವರ ವಿಳಾಸ. ಅಂದರೆ ಏನಾದರೂ ಆದರೆ ಕೇಳಲು ಒಬ್ಬ ಮನುಷ್ಯ ಇರಬೇಕು. ಅದು ನನಗೆ ಸರಿ ಅನಿಸುತ್ತದೆ.

ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲ ನಾನೇ ಕೂಡಿಸಿ ಪೊಟ್ಟಣ ಕಟ್ಟಬೇಕು ಅಂತ ಆಸೆಯಾಯಿತು. ಅಂಗಡಿಯಲ್ಲೇ ಕಟ್ಟಿ ಅಲ್ಲೇ ಮಾರುವ ಪೊಟ್ಟಣಕ್ಕೂ ಪೂರ್ತಿ ಪಟ್ಟಿ ಬರೆಯಬೇಕು ಅಂತ 2021ರ ಅಕ್ಟೋಬರ್‌ನಿಂದ ಕಾನೂನಿದೆ. ಜನ ಅದನ್ನು ನತಾಶಾ ಕಾನೂನು ಅನ್ನುತ್ತಾರೆ. ನತಾಶಾ 15 ವರ್ಷದ ಹುಡುಗಿ. 2016ರಲ್ಲಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ತಿಂಡಿ ತಿಂದು ತೀರಿಕೊಂಡಳು. ಅದರಲ್ಲಿ ಎಳ್ಳಿತ್ತು. ಪೊಟ್ಟಣದ ಮೇಲೆ ಬರೆದಿರಲಿಲ್ಲ.

ಎಳ್ಳು. ನಾವು ಹಬ್ಬಕ್ಕೆ ಮನೆಮನೆಗೆ ಬೀರುವ ಎಳ್ಳು. ಅದನ್ನು ಓದಿದ ಮೇಲೆ ಲೇಬಲ್ ಬರೆಯುವುದು ನನಗೆ ಯಾವತ್ತೂ ಬೇಸರದ ಕೆಲಸ ಅನಿಸಿಲ್ಲ. ಎಳ್ಳು, ಶೇಂಗಾ ದಪ್ಪ ಅಕ್ಷರದಲ್ಲಿ. ಬೆಲ್ಲ, ಪುಟಾಣಿ ಮಾಮೂಲಿ ಅಕ್ಷರದಲ್ಲಿ. ಕೊಬ್ಬರಿ ತುಂಡಿನ ಪ್ಯಾಕೆಟ್ ತಿರುಗಿಸಿ ನೋಡಿದರೆ ಅದಕ್ಕೆ ಸಲ್ಫೈಟ್ ಹಾಕಿದ್ದರು, ಬಿಳಿ ಬಣ್ಣ ಉಳಿಯಲಿ ಅಂತ. ಅದೂ 14ರಲ್ಲಿ ಒಂದು. ಅದಿಲ್ಲದ ಕೊಬ್ಬರಿ ಹುಡುಕಿ, ಇಳಿಗೆಮಣೆ ಮೇಲೆ ನಾನೇ ಹೆಚ್ಚಿದೆ. ಚೀಟಿಯ ಕೆಳಗೆ ಕನ್ನಡದಲ್ಲಿ 'ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ಬರೆದೆ. 60 ಪೊಟ್ಟಣ ಎರಡು ದಿನದಲ್ಲಿ ಮುಗಿದವು.

2023ರ ಜುಲೈ ಮರೆಯಲಾರೆ. 20ನೇ ತಾರೀಕು ಭಾರತ ಸರ್ಕಾರ ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಬಾಸ್ಮತಿ ಬರುತ್ತದೆ ನಿಜ, ಆದರೆ ದಿನಾ ಅನ್ನ ಸಾರು ಉಣ್ಣುವ ನಮಗೆ ಬೇಕಾದದ್ದು ಸೋನಾ ಮಸೂರಿ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೊರಗೆ ಏಳೆಂಟು ಜನ ನಿಂತಿದ್ದರು. ಒಬ್ಬರು ಹತ್ತು ಚೀಲ ಕೇಳಿದರು. ನನ್ನ ಹತ್ತಿರ ಇದ್ದದ್ದೇ 34 ಚೀಲ. ಸಗಟು ವ್ಯಾಪಾರಿ ಅವತ್ತೇ ಬೆಲೆ ಏರಿಸಿದರು. ನಮ್ಮ ಬೆಲೆ ಏನು ಮಾಡೋಣ ಅಂತ ನಾನು, ನಮ್ಮವರು ಕೌಂಟರ್ ಹಿಂದೆ ನಿಂತು ಮಾತಾಡಿಕೊಂಡೆವು. ಹಳೇ ಬೆಲೆಗೆ ಕೊಂಡದ್ದನ್ನು ಹಳೇ ಬೆಲೆಗೇ ಕೊಡಬೇಕು, ಮನೆಗೊಂದೇ ಚೀಲ ಅಂತ ನಿರ್ಧಾರ ಮಾಡಿದೆವು. ಹತ್ತು ಚೀಲ ಕೇಳಿದವರು ಸಿಟ್ಟಾಗಿ ಹೋದರು, ಇನ್ನೂ ಬಂದಿಲ್ಲ. ಸಣ್ಣ ಮಗು ಇದ್ದ ಒಬ್ಬ ಹುಡುಗಿ, "ಅಕ್ಕಾ, ನಮ್ಮ ಮನೇಲಿ ಇನ್ನೂ ಅರ್ಧ ಚೀಲ ಇದೆ, ಇಲ್ಲದವರಿಗೆ ಕೊಡಿ" ಅಂತ ಬರಿಗೈಯಲ್ಲಿ ವಾಪಸ್ ಹೋದಳು. ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಸಿಕ್ಕ ಸಿಕ್ಕ ಕಡೆಯ ಅಕ್ಕಿ ತಂದು, ಯಾವುದಕ್ಕೆ ನೀರು ಎಷ್ಟು ಅಂತ ಚೀಟಿ ಬರೆದು ಮಾರಿದೆವು.

ನನ್ನ ಮನಸ್ಸಿಗೆ ಹತ್ತಿರದ ಕೆಲಸ ಅಂದರೆ ಬ್ಯಾಡಗಿ ಮೆಣಸಿನಕಾಯಿ ತಂದದ್ದು. ನಮ್ಮ ಊರಿನಿಂದ ಬ್ಯಾಡಗಿ ಹತ್ತಿರ. ಇಲ್ಲಿನ ಅಂಗಡಿಗಳಲ್ಲಿ ಉದ್ದದ ಕೆಂಪು ಮೆಣಸಿನಕಾಯಿಗೆಲ್ಲ 'ಕಾಶ್ಮೀರಿ' ಅನ್ನುತ್ತಾರೆ. ಬ್ಯಾಡಗಿ ಕೇಳಿದರೆ ಅದನ್ನೇ ಕೊಡುತ್ತಾರೆ. ಅದರ ಬಣ್ಣ ಚೆನ್ನಾಗಿದೆ, ವಾಸನೆ ನಮ್ಮದಲ್ಲ. ಬ್ಯಾಡಗಿಯ ಮೈ ಸುಕ್ಕು. ಹುರಿದರೆ ಮನೆಯೆಲ್ಲ ಸಿಹಿಯಾದ ಘಮ. ಖಾರ ಕಮ್ಮಿ, ಸಾರಿನ ಮೇಲೆ ಕೆಂಪು ತೇಲುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ.

ಮೆಣಸಿನಕಾಯಿಗೆ ಈ ದೇಶದಲ್ಲಿ ಹಳೇ ಕಥೆ ಇದೆ. 2005ರಲ್ಲಿ ಭಾರತದಿಂದ ಬಂದ ಖಾರದ ಪುಡಿಯಲ್ಲಿ ಸುಡಾನ್ 1 ಅನ್ನುವ ಮೇಣ, ಪಾಲಿಶ್‌ಗೆ ಬಳಸುವ ಬಣ್ಣ ಸಿಕ್ಕಿ, ಆ ಪುಡಿ ಬಿದ್ದ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ತೆಗೆಸಿದರು. ಅದಕ್ಕೇ ನಾನು ಮಾತಾಡಿದ ಆಮದುದಾರರು ಮೊದಲ ದಿನವೇ ಹೇಳಿಬಿಟ್ಟರು, ಪುಡಿ ಬೇಡ, ಇಡೀ ಕಾಯಿ ತನ್ನಿ ಅಂತ. ಜೊತೆಗೆ ಪ್ರಯೋಗಾಲಯದ ವರದಿ ಬೇಕು. ಬಣ್ಣ ಹಾಕಿಲ್ಲ, ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಮಿತಿ ದಾಟಿಲ್ಲ, ಔಷಧಿ ಸಿಂಪಡಿಸಿದ ಅಂಶ ಉಳಿದಿಲ್ಲ ಅಂತ. ಕಳಿಸುವವರಿಗೆ ಭಾರತದ ಸ್ಪೈಸಸ್ ಬೋರ್ಡಿನ (ಸಾಂಬಾರ ಮಂಡಳಿ) ನೋಂದಣಿ ಇರಬೇಕು. ನನ್ನ ತಮ್ಮ ಅದೆಲ್ಲ ಇರುವ ಒಬ್ಬ ವ್ಯಾಪಾರಿಯನ್ನು ಹುಡುಕಿದ. ಮೊದಲ ಸಲ ಆರಿಸಿದ ಮಾಲಿನ ವರದಿ ಸರಿ ಬರಲಿಲ್ಲ, ತೇವ ಜಾಸ್ತಿ ಇತ್ತು. ತೂಕ ಬರುತ್ತದೆ ಅಂತ ಮೇಲೆ ನೀರು ಹೊಡೆಯುವವರೂ ಇದ್ದಾರೆ. ಅದನ್ನು ಬಿಟ್ಟೆವು. ಎರಡನೆಯದು ಸರಿಯಾಯಿತು. ಅಷ್ಟರಲ್ಲಿ ಕೆಂಪು ಸಮುದ್ರದ ದಾರಿಯಲ್ಲಿ ದಾಳಿ ಶುರುವಾಗಿ, ಹಡಗುಗಳು ಆಫ್ರಿಕಾ ಸುತ್ತಿ ಬರುತ್ತಿದ್ದವು. ವಾರಗಟ್ಟಲೆ ತಡ.

ನಮ್ಮ ಮಾಲು ಹಡಗಿನಲ್ಲಿದ್ದಾಗಲೇ, 2024ರ ಮಾರ್ಚ್‌ನಲ್ಲಿ, ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದರು. ಎಪಿಎಂಸಿ ಆವರಣದಲ್ಲಿ ವಾಹನಗಳು ಸುಟ್ಟುಹೋದವು. ಇಲ್ಲಿ ಕೂತು ಆ ವಿಡಿಯೋ ನೋಡಿದೆ. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋದ ಜಾಗ. ಅಲ್ಲಿ ಬೆಳೆದವನಿಗೆ ಬೆಲೆ ಇಲ್ಲ, ಇಲ್ಲಿ 200 ಗ್ರಾಂ ಪ್ಯಾಕೆಟ್‌ಗೆ ಜನ ಕಾಯುತ್ತಿದ್ದಾರೆ. ನಡುವೆ ಎಷ್ಟು ಕೈಗಳು! ಒಂದು ಸಣ್ಣ ಅಂಗಡಿ ಅದನ್ನೆಲ್ಲ ಸರಿ ಮಾಡಲಾರದು. ಮುಂದಿನ ಸಲ ರೈತರಿಂದಲೇ ಕೊಳ್ಳುವ ವ್ಯಾಪಾರಿಯ ಕಡೆ ಹೋಗೋಣ ಅಂತ ತಮ್ಮನಿಗೆ ಹೇಳಿದೆ, ಈಗ ಹಾಗೇ ಮಾಡುತ್ತಿದ್ದೇವೆ. ಕೆಜಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ.

ಪೆಟ್ಟಿಗೆ ಬಂದ ದಿನ ಅಂಗಡಿ ಮುಚ್ಚಿದ ಮೇಲೆ ಒಡೆದೆ. ಗೋಣಿಯ ಬಾಯಿ ಬಿಚ್ಚಿದ ತಕ್ಷಣ ಸೀನು ಬಂತು, ಆಮೇಲೆ ಅದೇ ಘಮ. ಒಂದು ಹಿಡಿ ತೆಗೆದು ಅಲುಗಾಡಿಸಿದೆ. ಒಳಗಿನ ಬೀಜ ಗಿಲಿಗಿಲಿ ಅಂದವು. ಅಪ್ಪ ಹೀಗೆಯೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಒಣಗಿದೆಯಾ ಅಂತ ನೋಡುತ್ತಿದ್ದ. ಶೆಲ್ಫಿನ ಚೀಟಿಯಲ್ಲಿ 'ಬ್ಯಾಡಗಿ ಮೆಣಸಿನಕಾಯಿ, ಕಡ್ಡಿ' ಅಂತ ಬರೆದೆ, ಕಡ್ಡಿ ಅಂದರೆ ತೆಳ್ಳಗಿನ ಉದ್ದದ ಬಗೆ. ಇದಕ್ಕೆ ಬಲಗಡೆ ಎಡಗಡೆ ಇಲ್ಲ, ಒಂದೇ ಹೆಸರು.

ಆಗದ್ದೂ ಇವೆ. ಧಾರವಾಡ ಪೇಡೆ ಕೇಳದ ವಾರವಿಲ್ಲ. ಹಾಲಿನ ಪದಾರ್ಥವನ್ನು ಭಾರತದಿಂದ ಬ್ಯಾಗಿನಲ್ಲಿ ತರುವಂತೆಯೂ ಇಲ್ಲ. ಬಂದವರಿಗೆಲ್ಲ ಅದನ್ನು ಹೇಳುತ್ತೇನೆ, ವಿಮಾನ ನಿಲ್ದಾಣದಲ್ಲಿ ತೆಗೆದು ಬಿಸಾಡುವಾಗ ಹೊಟ್ಟೆ ಉರಿಯುವುದು ಬೇಡ ಅಂತ. ಗುರೆಳ್ಳಿನದು ಇನ್ನೊಂದು ಕಥೆ. ಇಲ್ಲಿ ಗುರೆಳ್ಳು ತೋಟದ ಸಾಮಾನಿನ ಅಂಗಡಿಯಲ್ಲಿ ರಾಶಿ ಇರುತ್ತದೆ, 'ನೈಜರ್' ಅಂತ, ಗೋಲ್ಡ್‌ಫಿಂಚ್ ಹಕ್ಕಿಗಳಿಗೆ ಹಾಕುವ ಕಾಳು. ಮೈಸೂರಿನವರ ಹುಚ್ಚೆಳ್ಳು ಇದೇ. ನೋಡಿದರೆ ನಮ್ಮ ಚಟ್ನಿಯ ಗುರೆಳ್ಳೇ, ಕಪ್ಪಗೆ, ಹೊಳಪಾಗಿ. ಎಷ್ಟೋ ಜನ "ಅದನ್ನೇ ತಂದು ಮಾರಿ ಅಕ್ಕಾ" ಅಂತಾರೆ. ಹಕ್ಕಿಗೆ ಅಂತ ಚೀಲ ತುಂಬಿದ್ದನ್ನು ಮನುಷ್ಯರಿಗೆ ಮಾರುವುದಿಲ್ಲ. ಅದು ಶುಚಿ ಮಾಡಿದ್ದು, ಇಟ್ಟದ್ದು ಬೇರೆ ರೀತಿ. ಊರಿಂದ ಬಂದವರು ಒಂದು ಹಿಡಿ ತಂದುಕೊಟ್ಟರೆ ಮನೆಯಲ್ಲಿ ಚಟ್ನಿ ಮಾಡುತ್ತೇನೆ.

ಇಲ್ಲೇ ಇರುವ ಹುಬ್ಬಳ್ಳಿಯ ಒಬ್ಬ ಅಕ್ಕ ಶೇಂಗಾ ಚಟ್ನಿಪುಡಿ ಕುಟ್ಟಿ ಕೊಡುತ್ತಾರೆ. ಅವರೂ ತಮ್ಮ ಮನೆಯ ಅಡುಗೆಮನೆಯನ್ನು ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರು. ಅಧಿಕಾರಿ ಮನೆಗೆ ಬರುತ್ತಾರೆ ಅಂತ ಮೊದಲು ಹೆದರಿದ್ದರು. ಈಗ ಅವರ ಮನೆ ಬಾಗಿಲಲ್ಲಿ 5ರ ಸ್ಟಿಕರ್ ಇದೆ. ನಮಗೆ ಮೊದಲ ಸಲ 4 ಬಂದಿತ್ತು, ಆಮೇಲೆ 5 ಆಯಿತು.

ನೋಟ್‌ಬುಕ್ ಈಗ ಎರಡನೆಯದು. ಹೋದ ಶನಿವಾರ ಮಡಿಕೇರಿಯ ಒಬ್ಬರು ಬಂದು ಕಾಚಂಪುಳಿ, ಕೊಡಗಿನ ಅಡುಗೆಗೆ ಹಾಕುವ ಹುಳಿ, ಕೇಳಿದರು. ನಾನು ರುಚಿ ನೋಡಿಯೇ ಇಲ್ಲ. ಹೇಗಿರುತ್ತದೆ ಅಂತ ಕೇಳಿದೆ. ಕೌಂಟರಿಗೆ ಒರಗಿ ನಿಂತು ಹೇಳಿದರು, ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ, ಒಂದೆರಡು ಹನಿ ಸಾಕು ಅಂತ. ಅವರು ಹೋದ ಮೇಲೆ ಹುಡುಕಿದೆ. ಶ್ರೀಲಂಕಾದವರು ಮೀನಿನ ಸಾರಿಗೆ ಹಾಕುವ 'ಗೊರಕ' ಅದೇ ಬಗೆಯ ಹಣ್ಣನ್ನು ಒಣಗಿಸಿದ್ದು. ಒಂದು ಪ್ಯಾಕೆಟ್ ತಂದು ಇಟ್ಟಿದ್ದೇನೆ, ಕಪ್ಪು ಸುಕ್ಕು ಎಸಳುಗಳು. ಎಡಗಡೆ ಗೊರಕ ಅಂತ ಬರೆದಿದ್ದೇನೆ. ಬಲಗಡೆ ಖಾಲಿ ಬಿಟ್ಟಿದ್ದೇನೆ. ಅವರು ಬಂದು ನೆನೆಸಿ, ಕಾಯಿಸಿ, ನಾಲಿಗೆಗೆ ಇಟ್ಟು ನೋಡಿ ಹೌದು ಅಂದ ಮೇಲೆ ಬರೆಯುತ್ತೇನೆ.